ಸ್ನೂಕರ್ ಮಹಿಳಾ ವಿಶ್ವ ಚಾಂಪಿಯನ್ ಒಬ್ಬರೋ, ಇಬ್ಬರೋ?

ಪ್ರಶ್ನೆ ಕೇಳಿದವರು: ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಸ್ನೂಕರ್ ಆಡುವ ಕೋಲನ್ನು, ಅಂದರೆ ಕ್ಯೂವನ್ನು, ಇದುವರೆಗೆ ಮುಟ್ಟಿಯೂ ನೋಡಿದವಳಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾಗಿ ಎರಡು ತಿಂಗಳು ಮಂಚವೇ ಗತಿಯಾದಾಗ ಈ ಆಟ ನನಗೆ ಸಿಕ್ಕಿತು. ರಾತ್ರಿ ನೋವಿಗೆ ನಿದ್ದೆ ಹತ್ತದೆ ಮೊಬೈಲ್ ನೋಡುತ್ತಿದ್ದೆ. ಒಂದು ಹಸಿರು ಮೇಜು ಕಣ್ಣಿಗೆ ಬಿತ್ತು. ಯಾರೂ ಓಡುತ್ತಿರಲಿಲ್ಲ, ಯಾರೂ ಕಿರುಚುತ್ತಿರಲಿಲ್ಲ. ಒಬ್ಬ ಹುಡುಗಿ ಗಲ್ಲವನ್ನು ಕ್ಯೂಗೆ ತಾಗಿಸಿಕೊಂಡು ಬಗ್ಗಿದ್ದಳು. ಇನ್ನೊಬ್ಬಳು ಕುರ್ಚಿಯಲ್ಲಿ ಕುಳಿತು, ತನ್ನ ಸರದಿ ಬಂದರೆ ಬರಲಿ ಎಂಬಂತೆ ನೀರು ಗುಟುಕರಿಸುತ್ತಿದ್ದಳು. ಮಂಡಿ ಮಡಚಲಾಗದವಳಿಗೆ ಹೇಳಿ ಮಾಡಿಸಿದ ಆಟ ಅನ್ನಿಸಿತು.

ಮೂರು ರಾತ್ರಿಯಲ್ಲಿ ಲೆಕ್ಕ ಹಿಡಿತಕ್ಕೆ ಬಂತು. ಹದಿನೈದು ಕೆಂಪು ಚೆಂಡುಗಳು, ಒಂದೊಂದನ್ನು ಪಾಕೆಟ್‌ಗೆ, ಅಂದರೆ ಮೇಜಿನಂಚಿನ ಗುಂಡಿಗೆ, ಹಾಕಿದರೆ 1 ಅಂಕ. ಪ್ರತಿ ಕೆಂಪಿನ ಬೆನ್ನಿಗೆ ಒಂದು ಬಣ್ಣದ ಚೆಂಡು; ಪ್ರತಿ ಬಾರಿಯೂ ಕಪ್ಪನ್ನೇ ಹಾಕಿದರೆ 7. ಅಲ್ಲಿಗೆ ಹದಿನೈದು ಎಂಟಲೆ 120. ಕೊನೆಯಲ್ಲಿ ಹಳದಿಯಿಂದ ಕಪ್ಪಿನವರೆಗೆ 2, 3, 4, 5, 6, 7, ಅಂದರೆ 27. ಒಟ್ಟು 147. ಎದುರಾಳಿ ಫೌಲ್ ಮಾಡಿ ಹೆಚ್ಚುವರಿ ಅವಕಾಶ ಕೊಡದಿದ್ದರೆ ಅದಕ್ಕಿಂತ ದೊಡ್ಡ ಬ್ರೇಕ್, ಅಂದರೆ ಒಂದೇ ಸರದಿಯಲ್ಲಿ ಗಳಿಸುವ ಅಂಕ, ಸಾಧ್ಯವಿಲ್ಲ. ಶ್ರೇಢಿಯ ಮೊತ್ತ ಕಲಿಸುವಾಗ ಇದು ಗೊತ್ತಿದ್ದಿದ್ದರೆ ಹಿಂದಿನ ಬೆಂಚಿನವರು ಅಷ್ಟು ಆಕಳಿಸುತ್ತಿರಲಿಲ್ಲ.

ಈಗ ಜಗಳಕ್ಕೆ ಬರುತ್ತೇನೆ. ನನಗೊಬ್ಬ ತಮ್ಮನಿದ್ದಾನೆ. ಅವನೂ ನಿವೃತ್ತ, ಹಾಗಾಗಿ ವಾದಕ್ಕೆ ಸಮಯದ ಕೊರತೆಯಿಲ್ಲ. 2025ರ ಮೇ ತಿಂಗಳಲ್ಲಿ ಚೀನಾದ ಡಾಂಗ್‌ಗುವಾನ್‌ನಲ್ಲಿ ಬೈ ಯುಲು ಮಹಿಳಾ ವಿಶ್ವ ಚಾಂಪಿಯನ್ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳೆಯ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ ಪೆನ್ಸಿಲ್‌ನಿಂದ ಫ್ರೇಮ್ ಫ್ರೇಮ್, ಅಂದರೆ ಒಂದೊಂದು ಸುತ್ತಿನ ಆಟವನ್ನೂ, ಬರೆದಿಟ್ಟಿದ್ದೇನೆ: 6–4. ನವೆಂಬರ್‌ನಲ್ಲಿ ತಮ್ಮ ಪತ್ರಿಕೆ ಹಿಡಿದುಕೊಂಡು ಬಂದ. "ಅಕ್ಕಾ, ನಿನ್ನ ಬೈ ಯುಲು ಅಲ್ಲ, ನಮ್ಮ ಅನುಪಮಾ ರಾಮಚಂದ್ರನ್ ವಿಶ್ವ ಚಾಂಪಿಯನ್" ಎಂದ. ಓದಿದೆ. ಹಾಗೆಯೇ ಇತ್ತು. ಸ್ನೂಕರ್, ಮಹಿಳೆಯರು, ವಿಶ್ವ ಚಾಂಪಿಯನ್, ಮೂರೂ ಪದ ಅದೇ. ಆರು ತಿಂಗಳ ಅಂತರದಲ್ಲಿ ಒಂದು ಆಟಕ್ಕೆ ಇಬ್ಬರು ವಿಶ್ವ ಚಾಂಪಿಯನ್‌ಗಳು ಹೇಗೆ? ನಮ್ಮಿಬ್ಬರಲ್ಲಿ ಯಾರ ಮಾತು ಸರಿ?

ಇನ್ನೊಂದು ಪ್ರಶ್ನೆಯೂ ಇದೆ, ಅದು ನನ್ನದೇ. ಇದು ಭಾರ ಎತ್ತುವ ಆಟವಲ್ಲ, ಓಟವಲ್ಲ. ಚೆಂಡು ಕೂಡ ಪುಟ್ಟದು, ಐದು ಸೆಂಟಿಮೀಟರ್ ಚಿಲ್ಲರೆ. ಹಾಗಿರುವಾಗ ಮಹಿಳೆಯರಿಗೆ ಬೇರೆ ವಿಶ್ವ ಚಾಂಪಿಯನ್‌ಷಿಪ್ ಏಕೆ? ಮುಖ್ಯ ಟೂರ್ನಿಯ ಬಾಗಿಲು ಅವರಿಗೆ ಮುಚ್ಚಿದೆಯೇ? ಬೀಗ ಹಾಕಿದ ಬಾಗಿಲಾದರೆ ನನಗೆ ಸಿಟ್ಟು ಬರುತ್ತದೆ. ತೆರೆದ ಬಾಗಿಲಾದರೆ ನನಗೆ ಅರ್ಥವಾಗುವುದಿಲ್ಲ. ತಿಳಿದವರು ಹೇಳಬೇಕು.

ಉತ್ತರ: ಚಾಕ್‌ಪುಡಿ

ಮೇಡಂ, ಇಬ್ಬರೂ ಸರಿ. ಜಗಳ ಮುಂದುವರಿಸಲು ಬೇರೆ ವಿಷಯ ಹುಡುಕಿಕೊಳ್ಳಿ.

ಎರಡು ಸಂಸ್ಥೆಗಳು, ಎರಡು ಟೂರ್ನಿಗಳು. ನೀವು ನೋಡಿದ್ದು ವಿಶ್ವ ಮಹಿಳಾ ಸ್ನೂಕರ್ ಚಾಂಪಿಯನ್‌ಷಿಪ್. 1976ರಿಂದ ಇದೆ, ನಡುವೆ ಕೆಲವು ವರ್ಷ ನಡೆದಿಲ್ಲ. ಇದನ್ನು ನಡೆಸುವುದು ಮಹಿಳಾ ಸ್ನೂಕರ್ ಟೂರ್. ಆಟಗಾರ್ತಿಯರು ವರ್ಷವಿಡೀ ಬೇರೆ ಬೇರೆ ಟೂರ್ನಿಗಳಲ್ಲಿ ಆಡಿ ರ‍್ಯಾಂಕಿಂಗ್ ಅಂಕ ಗಳಿಸುತ್ತಾರೆ, ಅದರ ಶಿಖರ ಈ ವಿಶ್ವ ಚಾಂಪಿಯನ್‌ಷಿಪ್. ನಿಮ್ಮ ತಮ್ಮ ಓದಿದ್ದು ಐಬಿಎಸ್ಎಫ್, ಅಂದರೆ ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಫೆಡರೇಷನ್ ನಡೆಸುವ ಹವ್ಯಾಸಿ ವಿಶ್ವ ಚಾಂಪಿಯನ್‌ಷಿಪ್. ಅದರ ಮಹಿಳಾ ವಿಭಾಗ 2003ರಲ್ಲಿ ಶುರುವಾಯಿತು. ಅಲ್ಲಿಗೆ ಆಟಗಾರರನ್ನು ಕಳುಹಿಸುವುದು ಆಯಾ ದೇಶದ ಫೆಡರೇಷನ್. ಅದಕ್ಕೇ ಪತ್ರಿಕೆಗಳಲ್ಲಿ ಆಟಗಾರ್ತಿಯ ಹೆಸರಿಗಿಂತ ಮೊದಲು ದೇಶದ ಹೆಸರು ಬರುತ್ತದೆ.

ಎರಡು ಬೇರೆ ಲೋಕಗಳು ಎಂದುಕೊಳ್ಳಬೇಡಿ. ಅನುಪಮಾ ದೋಹಾದ ಫೈನಲ್‌ನಲ್ಲಿ 3–2ರಿಂದ ಸೋಲಿಸಿದ್ದು ಹಾಂಗ್‌ಕಾಂಗ್‌ನ ಎಂಗ್ ಆನ್ ಯೀ ಅವರನ್ನು. ಆ ಎಂಗ್ ಆನ್ ಯೀ ನೀವು ನೋಡಿದ ಟೂರ್ನಿಯಲ್ಲಿ 2015, 2017, 2018ರ ಚಾಂಪಿಯನ್! ಬೆಲ್ಜಿಯಂನ ವೆಂಡಿ ಯಾನ್ಸ್ ಐಬಿಎಸ್ಎಫ್ ಪ್ರಶಸ್ತಿಯನ್ನು ಎಷ್ಟೋ ಬಾರಿ ಗೆದ್ದವರು. ಮಹಿಳಾ ಟೂರ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2022ರ ಫೈನಲ್‌ವರೆಗೆ ಬಂದು ಥಾಯ್ಲೆಂಡ್‌ನ ಮಿಂಕ್‌ಗೆ 5–6ರಿಂದ ಸೋತರು. ಅವರೇ ಆಟಗಾರ್ತಿಯರು, ಅದೇ ಅಳತೆಯ ಮೇಜು, ಬೇರೆ ಬೇರೆ ಕಪ್.

ವ್ಯತ್ಯಾಸ ಇರುವುದು ಕಪ್ ಗೆದ್ದ ಮೇಲೆ. ಮಹಿಳಾ ಟೂರ್‌ನ ವಿಶ್ವ ಚಾಂಪಿಯನ್ ಆದವರಿಗೆ ಎರಡು ವರ್ಷ ವೃತ್ತಿಪರ ಟೂರ್‌ನಲ್ಲಿ, ಗಂಡಸರ ಜೊತೆಯಲ್ಲೇ, ಆಡುವ ಕಾರ್ಡ್ ಸಿಗುತ್ತದೆ. ಮಿಂಕ್‌ಗೆ ಸಿಕ್ಕಿತು, 2023ರಲ್ಲಿ ಬ್ಯಾಂಕಾಕ್‌ನಲ್ಲಿ ಗೆದ್ದ ಬೈಪತ್ ಸಿರಿಪಾಪೋರ್ನ್‌ಗೆ ಸಿಕ್ಕಿತು, 2024ರಲ್ಲಿ ಬೈ ಯುಲುಗೆ ಸಿಕ್ಕಿತು. ಅಂದ ಹಾಗೆ ಮಿಂಕ್ ಎಂಬುದು ಅಡ್ಡಹೆಸರು. ಪೂರ್ಣ ಹೆಸರು ನಚ್ಚರುತ್ ವಾಂಗ್‌ಹರುಥೈ. ಹಾಜರಿ ಪುಸ್ತಕದಲ್ಲಿ ಬರೆಯುವವರಿಗೆ ಬೇಕಾಗಬಹುದು.

ನಿಮ್ಮ ಎರಡನೇ ಪ್ರಶ್ನೆಗೆ ಒಂದೇ ಸಾಲಿನ ಉತ್ತರ: ಬಾಗಿಲು ತೆರೆದಿದೆ. ಉಳಿದದ್ದನ್ನು ಆಡಿದವರು ಹೇಳಲಿ, ನಾನು ಗ್ಯಾಲರಿಯವನು.

ಉತ್ತರ: ಲಾಂಗ್‌ಪಾಟ್

ಬಾಗಿಲು ತೆರೆದು ಮೂವತ್ತು ವರ್ಷದ ಮೇಲಾಯಿತು. 1991ರಲ್ಲಿ ವೃತ್ತಿಪರ ಸ್ನೂಕರ್ ಎಲ್ಲರಿಗೂ ಮುಕ್ತವಾದಾಗಲೇ ಮಹಿಳೆಯರೂ ಸೇರಿದ್ದಾರೆ. ಫಲಿತಾಂಶ ನೋಡಿ. ಶೆಫೀಲ್ಡ್‌ನ ಕ್ರೂಸಿಬಲ್ ಥಿಯೇಟರ್‌ನಲ್ಲಿ ನಡೆಯುವ ವಿಶ್ವ ಚಾಂಪಿಯನ್‌ಷಿಪ್‌ನ ಮುಖ್ಯ ಸುತ್ತಿನ 32 ಮಂದಿಯಲ್ಲಿ ಒಮ್ಮೆಯೂ ಮಹಿಳೆ ಇರಲಿಲ್ಲ.

ಯಾರನ್ನೂ ಹೀಗಳೆಯುತ್ತಿಲ್ಲ. ನನ್ನ ವಾದ ಬೇರೆ. ಪ್ರತ್ಯೇಕ ಚಾಂಪಿಯನ್‌ಷಿಪ್ ಇರುವುದರಿಂದಲೇ ಹೀಗಾಗಿದೆ ಎನ್ನುತ್ತೇನೆ. ರಿಯಾನ್ ಇವಾನ್ಸ್ 2005ರಿಂದ 2014ರವರೆಗೆ ಸತತ ಹತ್ತು ವರ್ಷ ವಿಶ್ವ ಚಾಂಪಿಯನ್. ಸತತ ಹತ್ತು! ಯಾವ ಆಟದಲ್ಲಾದರೂ ಒಬ್ಬರೇ ಹತ್ತು ವರ್ಷ ಸೋಲದಿದ್ದರೆ ಅಲ್ಲಿ ಎದುರಾಳಿಗಳೇ ಇಲ್ಲ ಎಂದರ್ಥ. ಮಡಕೆಯಲ್ಲಿ ಬೆಳೆಸಿದ ಗಿಡದಂತೆ, ಬೇರು ಹರಡಲು ಜಾಗವಿಲ್ಲ. ಪ್ರತ್ಯೇಕ ಟೂರ್ನಿ ತೆಗೆದುಹಾಕಿ, ಎಲ್ಲರೂ ಒಂದೇ ಕಡೆ ಆಡಲಿ. ಮೊದಲ ಐದು ವರ್ಷ ಕಷ್ಟ, ಆಮೇಲೆ ಸರಿಹೋಗುತ್ತದೆ.

ಆರು ಬಾರಿಯ ವಿಶ್ವ ಚಾಂಪಿಯನ್ ಸ್ಟೀವ್ ಡೇವಿಸ್ 2014ರಲ್ಲಿ ಒಂದು ಮಾತು ಆಡಿ ಬೈಸಿಕೊಂಡಿದ್ದರು. ಪ್ರಯೋಜನವಿಲ್ಲದ ಒಂದು ಕೆಲಸಕ್ಕೆ ಜೀವನವಿಡೀ ಅಂಟಿಕೊಳ್ಳುವ ಹುಚ್ಚು ಗಂಡಸರಿಗೆ ಹೆಚ್ಚು ಎಂಬ ಅರ್ಥದ ಮಾತು. ಕೋಲಿನಿಂದ ಚೆಂಡನ್ನು ಗುಂಡಿಗೆ ತಳ್ಳುವುದು ಅವರ ದೃಷ್ಟಿಯಲ್ಲೂ ಅಂಥದೇ ಕೆಲಸ. ಒಪ್ಪದಿದ್ದರೂ ಯೋಚಿಸಬೇಕಾದ ಮಾತು ಅಲ್ಲವೇ?

ಉತ್ತರ: ಕೊನೆಯ ಕಪ್ಪು

ಸಂಜೆಮಲ್ಲಿಗೆ ಮೇಡಂ, ನಿಮ್ಮ ಪ್ರಶ್ನೆಗೆ ಉತ್ತರ ಬರೆಯಲು ಕುಳಿತಿದ್ದೆ, ಅಷ್ಟರಲ್ಲಿ ಲಾಂಗ್‌ಪಾಟ್ ಅವರ ಮಾತು ಓದಿದೆ. ಈಗ ಇಬ್ಬರಿಗೂ ಸೇರಿಸಿ ಬರೆಯುತ್ತೇನೆ, ಉದ್ದವಾದರೆ ಸಹಿಸಿಕೊಳ್ಳಿ.

ನಾನು ಹದಿನೇಳು ವರ್ಷ ಆಡಿದೆ. ದೊಡ್ಡ ಹೆಸರೇನೂ ಮಾಡಲಿಲ್ಲ. ನನ್ನ ಅತಿ ದೊಡ್ಡ ಬ್ರೇಕ್ 64, ಅದನ್ನು ನೋಡಿದವರು ಅಂಕ ಬರೆಯುವ ಮಾರ್ಕರ್ ಮತ್ತು ಮೇಜು ಒರೆಸುವ ಹುಡುಗ. ನಾನು ಆಡುತ್ತಿದ್ದ ಕ್ಲಬ್ಬಿನಲ್ಲಿ ಮಹಿಳೆಯರಿಗೆ ಮೇಜು ಸಿಗುತ್ತಿದ್ದದ್ದು ಮಧ್ಯಾಹ್ನ ಎರಡರಿಂದ ನಾಲ್ಕು. ಹಾಗೆಂದು ಎಲ್ಲಿಯೂ ಬರೆದಿರಲಿಲ್ಲ. ನಾಲ್ಕಕ್ಕೆ ಐದು ನಿಮಿಷವಿರುವಾಗ ಕಚೇರಿ ಮುಗಿಸಿದ ಸದಸ್ಯರು ಬಂದು ಗೋಡೆಗೊರಗಿ ನಿಲ್ಲುತ್ತಿದ್ದರು. ಏನೂ ಹೇಳುತ್ತಿರಲಿಲ್ಲ. ಕ್ಯೂ ತುದಿಗೆ ಚಾಕ್ ಉಜ್ಜುತ್ತಿದ್ದರು, ಅಷ್ಟೇ. ಮೇಜಿನ ಮೇಲೆ ಎಂಟು ಕೆಂಪು ಉಳಿದಿರಲಿ, ಹತ್ತು ಉಳಿದಿರಲಿ, ನನಗೆ ಕೈ ನಡುಗಲು ಅಷ್ಟು ಸಾಕಾಗುತ್ತಿತ್ತು. ಒಂದು ಸಲ ನಾನು 40 ದಾಟಿ ಕಪ್ಪಿಗೆ ಸರಿಯಾದ ಕೋನ ತೆಗೆದುಕೊಂಡು ಬಗ್ಗಿದ್ದೆ, ಮೇಜಿನ ಮೇಲಿನ ದೀಪ ಆರಿತು. ಮಾರ್ಕರ್‌ದು ತಪ್ಪಿರಲಿಲ್ಲ, ಅವನು ಗಡಿಯಾರ ನೋಡಿದ್ದ. "ಅಕ್ಕಾ, ಟೈಮಾಯಿತು" ಎಂದ.

ಲಾಂಗ್‌ಪಾಟ್ ಅವರೇ, ಹುಚ್ಚು ಹಿಡಿಯುವುದಕ್ಕೂ ಬಿಡುವು ಬೇಕು. ದಿನಕ್ಕೆ ಎರಡು ಗಂಟೆಯ ಬಾಡಿಗೆಯ ಹುಚ್ಚಿನಿಂದ ಯಾರೂ ಕ್ರೂಸಿಬಲ್ ಮುಟ್ಟುವುದಿಲ್ಲ. ಅದೇ ಕ್ಲಬ್ಬಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನೊಬ್ಬ ಶಾಲೆಗೆ ಚಕ್ಕರ್ ಹೊಡೆದು ದಿನಕ್ಕೆ ಎಂಟು ಗಂಟೆ ಆಡುತ್ತಿದ್ದ. ಅವನ ಮನೆಯಲ್ಲಿ ಬೈಯುತ್ತಿದ್ದರು, ಆದರೆ ಊಟ ತೆಗೆದಿಡುತ್ತಿದ್ದರು. ನನಗೆ ಮನೆಯಲ್ಲಿ ಬೈಯುತ್ತಲೂ ಇರಲಿಲ್ಲ. ಎರಡು ಗಂಟೆಗೆ ಬೈಗುಳವೇಕೆ? ಅವನ ಎಂಟಕ್ಕೂ ನನ್ನ ಎರಡಕ್ಕೂ ಇರುವ ವ್ಯತ್ಯಾಸವನ್ನು ಹದಿನೇಳು ವರ್ಷಕ್ಕೆ ಗುಣಿಸಿ ನೋಡಿ. ಗಣಿತದ ಮೇಡಂ ಇಲ್ಲಿಯೇ ಇದ್ದಾರೆ.

ಇದು ನನ್ನೊಬ್ಬಳ ಅಳಲಲ್ಲ. ಆಟದ ತವರಾದ ಇಂಗ್ಲೆಂಡ್‌ನಲ್ಲಿ ಸ್ನೂಕರ್ ಬೆಳೆದದ್ದು ಕಾರ್ಮಿಕರ ಕ್ಲಬ್ಬುಗಳಲ್ಲಿ. 1978ರಲ್ಲಿ ವೇಕ್‌ಫೀಲ್ಡ್‌ನ ಅಂಥದೊಂದು ಕ್ಲಬ್ಬಿನಲ್ಲಿ ಶೀಲಾ ಕ್ಯಾಪ್‌ಸ್ಟಿಕ್ ಎಂಬವರಿಗೆ, ಹೆಂಗಸು ಎಂಬ ಕಾರಣಕ್ಕೆ, ಸ್ನೂಕರ್ ಮೇಜನ್ನು ನಿರಾಕರಿಸಿದರು. ಅವರು ಸುಮ್ಮನೆ ಮನೆಗೆ ಹೋಗದೆ ದೊಡ್ಡ ಚಳವಳಿಯನ್ನೇ ಎಬ್ಬಿಸಿದರು. ಆ ಕ್ಲಬ್ಬುಗಳ ಒಕ್ಕೂಟ ಮಹಿಳೆಯರಿಗೆ ಸಮಾನ ಸದಸ್ಯತ್ವ ಕೊಟ್ಟದ್ದು 2007ರಲ್ಲಿ. ಇಪ್ಪತ್ತೊಂಬತ್ತು ವರ್ಷ! ಅಲ್ಲಿಗೂ ಮುಗಿಯಲಿಲ್ಲ. ಮಹಿಳಾ ಟೂರ್‌ನ ಮುಂಚೂಣಿಯ ಆಟಗಾರ್ತಿ ರೆಬೆಕಾ ಕೆನ್ನಾ 2019ರಲ್ಲಿ ತಮ್ಮ ಊರಿನ ಲೀಗ್ ಬಿಡಬೇಕಾಯಿತು. ಲೀಗಿನ ಪಂದ್ಯ ನಡೆಯುವ ಕೆಲವು ಕ್ಲಬ್ಬುಗಳ ಸ್ನೂಕರ್ ಕೋಣೆಯೊಳಗೆ ಮಹಿಳೆಯರಿಗೆ ಪ್ರವೇಶವೇ ಇರಲಿಲ್ಲ. ತಂಡದ ಜೊತೆ ಹೋಗಿ ಹೊರಗೆ ಕುಳಿತುಕೊಳ್ಳಬೇಕು. ವಿಶ್ವ ಚಾಂಪಿಯನ್‌ಷಿಪ್‌ನ ಬಾಗಿಲು 1991ರಲ್ಲಿ ತೆರೆದಿದ್ದರೇನು, ಮೂಲೆಯ ಕ್ಲಬ್ಬಿನ ಬಾಗಿಲು ಮುಚ್ಚಿತ್ತು.

ಮೇಡಂ, ದೇಹಬಲದ ಬಗ್ಗೆ ನೀವು ಹೇಳಿದ್ದು ಬಹುಪಾಲು ಸರಿ. ಮೇಜು ದೊಡ್ಡದು, ಆಟದ ಜಾಗವೇ ಮೂರೂವರೆ ಮೀಟರ್ ಉದ್ದ, ಒಂದೂಮುಕ್ಕಾಲು ಮೀಟರ್ ಅಗಲ. ಹೊಡೆಯುವಾಗ ಒಂದು ಪಾದವಾದರೂ ನೆಲ ಮುಟ್ಟಿರಬೇಕು. ಕುಳ್ಳಗಿರುವವರಿಗೆ ನಡುಮೇಜಿನ ಚೆಂಡು ಎಟುಕುವುದಿಲ್ಲ, ಕ್ಯೂಗೆ ಆಸರೆ ಕೊಡುವ ಉದ್ದ ಕೋಲು, ಅಂದರೆ ರೆಸ್ಟ್, ಇಟ್ಟುಕೊಳ್ಳಬೇಕು. ರೆಸ್ಟ್ ಇಟ್ಟು ಹೊಡೆದರೆ ಬಿಳಿ ಚೆಂಡಿನ ಮೇಲಿನ ಹಿಡಿತ ಸ್ವಲ್ಪ ಕಡಿಮೆ. ಆದರೆ ಕುಳ್ಳಗಿರುವ ಗಂಡಸರಿಗೂ ಅದೇ ಕಷ್ಟ. ಕೆಂಪುಗಳ ಗುಂಪನ್ನು ಒಡೆಯುವ ಹೊಡೆತಕ್ಕೆ ತೋಳಿನ ಬಲಕ್ಕಿಂತ ಕ್ಯೂ ನೇರವಾಗಿ, ತಡವರಿಸದೆ ಹೋಗುವುದು ಮುಖ್ಯ. ಈ ಪ್ರಶಸ್ತಿಯ ಪಟ್ಟಿಯನ್ನೇ ನೋಡಿ. 1976ರ ಮೊದಲ ಚಾಂಪಿಯನ್ ವೆರಾ ಸೆಲ್ಬಿ ಕಲೆಯ ಉಪನ್ಯಾಸಕಿ. 1981ರಲ್ಲಿ ಮತ್ತೆ ಗೆದ್ದಾಗ ಅವರಿಗೆ 51 ವರ್ಷ. ಮೂರು ವರ್ಷ ಕಳೆದು, 1984ರಲ್ಲಿ ಗೆದ್ದ ಸ್ಟೇಸಿ ಹಿಲ್ಯಾರ್ಡ್‌ಗೆ 15. ಐವತ್ತೊಂದರ ಟೀಚರೂ ಹದಿನೈದರ ವಿದ್ಯಾರ್ಥಿನಿಯೂ ಒಂದೇ ಕಪ್ ಎತ್ತಿದ ಆಟದಲ್ಲಿ ಸ್ನಾಯುವಿನ ಮಾತು ಎಲ್ಲಿಂದ ಬಂತು?

ಈಗ ಪ್ರತ್ಯೇಕ ಟೂರ್ನಿ ತೆಗೆದುಹಾಕುವ ಸಲಹೆ. ಅದನ್ನು ಒಮ್ಮೆ ಪ್ರಯೋಗ ಮಾಡಿಯೇ ನೋಡಿದ್ದಾರೆ, ಬೇಕೆಂದು ಮಾಡಿದ್ದಲ್ಲ ಅಷ್ಟೇ. 1998ರಿಂದ 2003ರವರೆಗೆ ಮಹಿಳೆಯರ ಕೊನೆಯ ಹಂತದ ಪಂದ್ಯಗಳು ಅದೇ ಕ್ರೂಸಿಬಲ್‌ನಲ್ಲಿ ನಡೆಯುತ್ತಿದ್ದವು. ಆಮೇಲೆ ವೃತ್ತಿಪರ ಸಂಸ್ಥೆ ಬೆಂಬಲ ಹಿಂತೆಗೆದುಕೊಂಡಿತು, 2004ರಲ್ಲಿ ಚಾಂಪಿಯನ್‌ಷಿಪ್ ನಡೆಯಲೇ ಇಲ್ಲ. ಆಗಿನ ಚಾಂಪಿಯನ್ ಕೆಲ್ಲಿ ಫಿಷರ್, ಐದು ಬಾರಿ ಗೆದ್ದವರು. ಅವರೇನು ಕ್ರೂಸಿಬಲ್‌ಗೆ ಅರ್ಹತೆ ಪಡೆದರೇ? ಗಂಟು ಕಟ್ಟಿಕೊಂಡು ಅಮೆರಿಕಕ್ಕೆ ಹೋಗಿ, ಸ್ನೂಕರ್‌ನಂಥದೇ ಇನ್ನೊಂದು ಮೇಜಿನ ಆಟವಾದ ಪೂಲ್ ಆಡತೊಡಗಿದರು. ಅವರಿಗಿಂತ ಮುಂಚೆ ಏಳು ಬಾರಿಯ ಚಾಂಪಿಯನ್ ಆಲಿಸನ್ ಫಿಷರ್ ಅದೇ ದಾರಿ ಹಿಡಿದಿದ್ದರು, ಮೂರು ಬಾರಿ ಗೆದ್ದ ಕರೆನ್ ಕಾರ್ ಕೂಡ. ಇಬ್ಬರು ಫಿಷರ್‌ಗಳೂ ಸಂಬಂಧಿಕರಲ್ಲ, ಗೊಂದಲ ಬೇಡ. ಅಲ್ಲಿ ಮಹಿಳೆಯರ ಪೂಲ್‌ಗೆ ದುಡ್ಡಿತ್ತು, ಟಿವಿ ಇತ್ತು. ಒಂದು ಆಟದ ಮೂವರು ಅತ್ಯುತ್ತಮರು ಇನ್ನೊಂದು ಆಟಕ್ಕೆ ಹೊರಟುಹೋದ ಮೇಲೆ ರಿಯಾನ್ ಇವಾನ್ಸ್ ಎದುರು ಯಾರೂ ಇರಲಿಲ್ಲ ಎಂದರೆ ಅದು ಯಾರ ತಪ್ಪು? ನೀವು ಹೇಳಿದ ಗಿಡ ಮಡಕೆಯಲ್ಲಿತ್ತು, ನಿಜ. ಆದರೆ ಅಕ್ಕಪಕ್ಕದ ಮಡಕೆಗಳನ್ನು ಯಾರೋ ಎತ್ತಿಕೊಂಡು ಹೋಗಿದ್ದರು.

ಇವಾನ್ಸ್ ಕೂಡ ಮಡಕೆಯಲ್ಲೇ ಕುಳಿತಿರಲಿಲ್ಲ. 2015ರಲ್ಲಿ ಮುಖ್ಯ ವಿಶ್ವ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ ಕೆನ್ ಡೊಹರ್ಟಿ ಎದುರು ಆಡಿದರು. ಡೊಹರ್ಟಿ 1997ರ ವಿಶ್ವ ಚಾಂಪಿಯನ್. ಅವರ ಎದುರು ಸೋತದ್ದು 8–10ರಿಂದ. ಎರಡು ವರ್ಷ ಬಿಟ್ಟು ಫಿನ್ಲೆಂಡ್‌ನ ರಾಬಿನ್ ಹಲ್ ಅವರನ್ನು 10–8ರಿಂದ ಸೋಲಿಸಿ, ಅರ್ಹತಾ ಹಂತದ ಎರಡನೇ ಸುತ್ತಿಗೆ ಹೋದರು. ಅರ್ಹತಾ ಸುತ್ತಿನ ಸ್ಕೋರ್‌ಗಾಗಿ ನಾನು ಮೊಬೈಲ್‌ನ ಪುಟವನ್ನು ನಿಮಿಷಕ್ಕೊಮ್ಮೆ ಎಳೆದು ಎಳೆದು ನೋಡಿದ್ದು ಜೀವನದಲ್ಲಿ ಅದೊಂದೇ ಸಲ.

ಇಲ್ಲ, ಇನ್ನೊಂದು ಸಲ ಇದೆ. ಅದೇ 2017ರಲ್ಲಿ, ಸಿಂಗಪುರದಲ್ಲಿ ನಡೆದ ಮಹಿಳಾ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ಗೆ ನಮ್ಮ ವಿದ್ಯಾ ಪಿಳ್ಳೈ ಬಂದಿದ್ದರು. ಎದುರಿಗೆ ಎಂಗ್ ಆನ್ ಯೀ. ಮೊದಲು ಆರು ಫ್ರೇಮ್ ಗೆದ್ದವರಿಗೆ ಪ್ರಶಸ್ತಿ. ಪಂದ್ಯ 5–5ಕ್ಕೆ ಬಂತು. ಅಂಕಗಳು ಮಾತ್ರ ಕಾಣುತ್ತಿದ್ದವು, ಚೆಂಡುಗಳು ಕಾಣುತ್ತಿರಲಿಲ್ಲ. ಅಂಕ ಏರದೆ ನಿಂತರೆ ಇಬ್ಬರೂ ಸೇಫ್ಟಿ, ಅಂದರೆ ಎದುರಾಳಿಗೆ ಸುಲಭದ ಚೆಂಡು ಬಿಡದ ಆಟ, ಆಡುತ್ತಿದ್ದಾರೆ ಎಂದು ಊಹಿಸಿಕೊಳ್ಳಬೇಕು. ಕೊನೆಯ ಫ್ರೇಮ್ ಎಂಗ್ ಅವರ ಪಾಲಾಯಿತು. ವಿದ್ಯಾ ಗೆದ್ದಿದ್ದರೆ ನಿಮ್ಮ ತಮ್ಮ ಪತ್ರಿಕೆಯಲ್ಲಿ ಓದಿದ ಸುದ್ದಿ ಎಂಟು ವರ್ಷ ಮೊದಲೇ ಬರುತ್ತಿತ್ತು, ಅದೂ ನೀವು ನೋಡುವ ಟೂರ್ನಿಯಿಂದ. ಆ ಒಂದು ಫ್ರೇಮ್ ನೆನಪಾದರೆ ಈಗಲೂ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತದೆ. ನಾನು ಅವರನ್ನು ಕಂಡವಳೂ ಅಲ್ಲ.

ಉತ್ತರ: ಲಾಂಗ್‌ಪಾಟ್

ಕೆಲ್ಲಿ ಫಿಷರ್ ವಿಷಯ ನನಗೆ ತಿಳಿದಿತ್ತು, 2004ರ ಜೊತೆ ಜೋಡಿಸಿ ನೋಡಿರಲಿಲ್ಲ. ಆ ಅಂಶದಲ್ಲಿ ನನ್ನ ವಾದ ಬಿದ್ದಿತು, ಒಪ್ಪುತ್ತೇನೆ.

ಆದರೆ ಒಂದು ಉಳಿಯುತ್ತದೆ. ವೃತ್ತಿಪರ ಕಾರ್ಡ್ ಸಿಕ್ಕ ಮಹಿಳೆಯರಲ್ಲಿ ಹೆಚ್ಚಿನವರು ಎರಡು ವರ್ಷ ಮೊದಲ ಸುತ್ತಿನಲ್ಲೇ ಸೋಲುತ್ತಾ ಕಳೆಯುತ್ತಾರೆ. 2010–11ರ ಋತುವಿನಲ್ಲಿ ಇವಾನ್ಸ್‌ಗೆ ಅವಕಾಶ ಸಿಕ್ಕಾಗ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಸೋಲುವುದಕ್ಕೇ ಟಿಕೆಟ್ ಕೊಟ್ಟಂತೆ ಅಲ್ಲವೇ ಅದು?

ಉತ್ತರ: ಕೊನೆಯ ಕಪ್ಪು

ಸೋಲಲಿ ಸರ್. ಕಾರ್ಡ್ ಸಿಕ್ಕ ಹೊಸ ಹುಡುಗರಲ್ಲಿಯೂ ಎಷ್ಟೋ ಮಂದಿ ಎರಡು ವರ್ಷ ಸೋತು ಹೊರಬೀಳುತ್ತಾರೆ, ಅವರ ಹೆಸರು ನಿಮಗೂ ನೆನಪಿಲ್ಲ, ನನಗೂ ನೆನಪಿಲ್ಲ. ಮಹಿಳೆ ಸೋತರೆ ಮಾತ್ರ ಅದು ಇಡೀ ಕುಲದ ಸೋಲಾಗುತ್ತದೆ. 2010ರಲ್ಲಿ ಎಲ್ಲವನ್ನೂ ಸೋತ ಇವಾನ್ಸ್ 2013ರಲ್ಲಿ ಥೆಪ್‌ಚಯ್ಯ ಉನ್ ನೂ ಎಂಬ ಆಟಗಾರನನ್ನು 5–4ರಿಂದ ಸೋಲಿಸಿ ಚೀನಾದ ವೂಷಿಯಲ್ಲಿ ನಡೆದ ರ‍್ಯಾಂಕಿಂಗ್ ಟೂರ್ನಿಯ ಮುಖ್ಯ ಸುತ್ತಿಗೆ ಹೋದರು. ಸೋಲಿನ ಟಿಕೆಟ್‌ನಲ್ಲೇ ಕಲಿತದ್ದು ಅದು.

ಮಿಂಕ್ 2019ರಲ್ಲಿ ಅಭ್ಯಾಸದ ಪಂದ್ಯದಲ್ಲಿ 147 ಹೊಡೆದರು. ಮಹಿಳೆಯೊಬ್ಬರ ದಾಖಲಾದ ಮೊದಲ 147 ಅದು. ಅಭ್ಯಾಸದ್ದು ಎಂದು ಕೆಲವರು ಮೂಗು ಮುರಿದರು. ಮೂಗು ಮುರಿಯುವವರು ಮೂವತ್ತಾರು ಚೆಂಡುಗಳನ್ನು ಒಂದರ ಹಿಂದೊಂದು, ಬೇಕಾದರೆ ಬಾಗಿಲು ಹಾಕಿಕೊಂಡೇ ಹಾಕಿ ತೋರಿಸಲಿ. 2022ರ ಸೆಪ್ಟೆಂಬರ್‌ನಲ್ಲಿ ಮಿಶ್ರ ಡಬಲ್ಸ್ ವಿಶ್ವ ಟೂರ್ನಿ ನಡೆಯಿತು. ಅಲ್ಲಿ ಗಂಡಸರ ಮುಂಚೂಣಿಯ ಆಟಗಾರರಾದ ರಾನಿ ಓ'ಸುಲಿವನ್ ಜೊತೆ ಇವಾನ್ಸ್, ಜಡ್ ಟ್ರಂಪ್ ಜೊತೆ ಎಂಗ್ ಆಡಿದರು. ಗೆದ್ದದ್ದು ನೀಲ್ ರಾಬರ್ಟ್‌ಸನ್ ಮತ್ತು ಮಿಂಕ್. ಫೈನಲ್‌ನಲ್ಲಿ ಸೋತ ಜೋಡಿಯಲ್ಲಿ ಮಾರ್ಕ್ ಸೆಲ್ಬಿ ಜೊತೆಗಿದ್ದವರು ಅದೇ ರೆಬೆಕಾ ಕೆನ್ನಾ. ಮೂರು ವರ್ಷದ ಹಿಂದೆ ಸ್ನೂಕರ್ ಕೋಣೆಯ ಹೊರಗೆ ಕೂರಿಸಿದ್ದರಲ್ಲ, ಅವರೇ.

ಉತ್ತರ: ಚಾಕ್‌ಪುಡಿ

ನಡುವೆ ಬಾಯಿ ಹಾಕುತ್ತಿದ್ದೇನೆ. ಟ್ರೋಫಿಯ ಹೆಸರು ಯಾರೂ ಹೇಳಲಿಲ್ಲ. ಮಹಿಳಾ ವಿಶ್ವ ಚಾಂಪಿಯನ್‌ಗೆ ಈಗ ಕೊಡುವುದು ಮ್ಯಾಂಡಿ ಫಿಷರ್ ಟ್ರೋಫಿ. 1981ರ ಫೈನಲ್‌ನಲ್ಲಿ ವೆರಾ ಸೆಲ್ಬಿಗೆ ಸೋತವರು ಅವರು, ಅದೇ ವರ್ಷ ಮಹಿಳೆಯರ ಸಂಸ್ಥೆಯನ್ನು ಕಟ್ಟಿದವರೂ ಅವರೇ. ಇವರು ಮೂರನೆಯ ಫಿಷರ್, ಇವರೂ ಯಾರ ಸಂಬಂಧಿಕರೂ ಅಲ್ಲ. ಪ್ರಶಸ್ತಿ ಗೆಲ್ಲಲೇ ಇಲ್ಲ, ಪ್ರಶಸ್ತಿಗೇ ಹೆಸರಾದರು.

ಪ್ರಶ್ನೆ ಕೇಳಿದವರು: ಸಂಜೆಮಲ್ಲಿಗೆ

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ಎರಡು ಬಾರಿ ಓದಿದೆ. ಕೊನೆಯ ಕಪ್ಪು ಅವರೇ, ನೀವು ಗುಣಿಸಲು ಹೇಳಿದಿರಿ, ಗುಣಿಸಿದೆ. ದಿನಕ್ಕೆ ಆರು ಗಂಟೆ, ವರ್ಷಕ್ಕೆ ಮುನ್ನೂರು ದಿನ ಎಂದುಕೊಂಡರೂ ಹದಿನೇಳು ವರ್ಷಕ್ಕೆ 30,600 ಗಂಟೆ. ಉತ್ತರವನ್ನು ಹಾಜರಿ ಪುಸ್ತಕದಲ್ಲಿ ಬರೆದು ಅಡಿಗೆರೆ ಎಳೆದೆ. ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯನ್ನೂ ಬರೆಯಬೇಕಲ್ಲ.

ತಮ್ಮನಿಗೆ ಓದಿ ಹೇಳಿದೆ. ಇಬ್ಬರೂ ಸರಿ ಎಂದದ್ದು ಅವನಿಗೆ ರುಚಿಸಲಿಲ್ಲ, ನನಗೂ ಅಷ್ಟಕ್ಕಷ್ಟೇ. ಕೊನೆಗೆ ಅವನೇ, "ನೋಡಿದ್ದು ಸಾಕು, ಒಂದು ಸಲ ಆಡಿ ಬರೋಣ" ಎಂದು ಹೊರಡಿಸಿದ. ಬಗ್ಗಬಾರದು ಎಂದು ಡಾಕ್ಟರು ಹೇಳಿಲ್ಲ. ಹೇಳುವ ಅವಕಾಶವನ್ನು ನಾನು ಅವರಿಗೆ ಕೊಟ್ಟಿಲ್ಲ.

ಹೋದೆವು. ಮೇಜು ಮೊಬೈಲ್‌ನಲ್ಲಿ ಕಂಡದ್ದಕ್ಕಿಂತ ಬಹಳ ದೊಡ್ಡದು. ಆಚೆ ತುದಿಯ ಪಾಕೆಟ್ ಇನ್ನೊಂದು ತರಗತಿಯ ಕೋಣೆಯಲ್ಲಿದ್ದಂತೆ ಕಂಡಿತು. ಮೂವತ್ತೆರಡು ವರ್ಷ ಚಾಕ್ ಹಿಡಿದ ಕೈ ಎಂದು ಧೈರ್ಯವಾಗಿ ಚಾಕ್ ಎತ್ತಿಕೊಂಡೆ, ಅದು ನೀಲಿ ಬಣ್ಣದ ಘನಾಕೃತಿ. ಬೆರಳೆಲ್ಲ ನೀಲಿಯಾಯಿತು. ಸಂಜೆ ನಾಲ್ಕೂವರೆ ಆಗಿತ್ತು. ಪಕ್ಕದ ಮೇಜಿನಲ್ಲಿ ಇಬ್ಬರು ಹುಡುಗಿಯರು ಆಡುತ್ತಿದ್ದರು, ಗೋಡೆಗೆ ಒರಗಿ ಯಾರೂ ನಿಂತಿರಲಿಲ್ಲ. ನಿಮಗೆ ಹೇಳಬೇಕು ಅನ್ನಿಸಿತು.

ಒಂಬತ್ತನೆಯ ಪ್ರಯತ್ನಕ್ಕೆ ಒಂದು ಕೆಂಪು ಒಳಗೆ ಬಿತ್ತು, ನಾನು ಗುರಿಯಿಟ್ಟ ಪಾಕೆಟ್‌ಗೆ ಅಲ್ಲ. ನಿಯಮದಂತೆ ಅಂಕ ಅಂಕವೇ. ಬಣ್ಣ ಸಿಗಲಿಲ್ಲ. ಮುಂದಿನ ಸರದಿಯಲ್ಲಿ ಇನ್ನೊಂದು ಕೆಂಪಿಗೆ ಬಗ್ಗಿದಾಗ ಹೊದ್ದಿದ್ದ ಶಾಲಿನ ತುದಿ ನೀಲಿ ಚೆಂಡಿಗೆ ತಗುಲಿತು. ನಾನು ಗಮನಿಸಿರಲಿಲ್ಲ. ತಮ್ಮ ಗಮನಿಸಿದ. ಬಟ್ಟೆ ತಾಗಿದರೂ ಫೌಲ್, ನೀಲಿಗೆ 5, ಐದೂ ತನಗೇ ಎಂದು ಬೋರ್ಡಿನ ಹತ್ತಿರ ಹೋದ. ಕೆಂಪಿಗೆ ಹೊಡೆಯಲು ಹೋಗಿದ್ದಲ್ಲವೇ, 4 ಸಾಕಲ್ಲವೇ ಎಂದು ನಾನು ವಾದಿಸಿದೆ. ಮಾರ್ಕರ್ ಅವನ ಪರವಾಗಿ ತೀರ್ಪು ಕೊಟ್ಟ. ಮಾರ್ಕರ್ ಹೇಳಿದ್ದು ಸರಿಯೇ? ನಾಳೆ ಮತ್ತೆ ಹೋಗುತ್ತಿದ್ದೇವೆ, ಅಷ್ಟರೊಳಗೆ ಗೊತ್ತಾದರೆ ಒಳ್ಳೆಯದು.

ಉತ್ತರ: ಕೊನೆಯ ಕಪ್ಪು

ಸರಿ, ಮೇಡಂ. ಕೆಂಪಿನ ಸರದಿಯಾದರೂ ಮುಟ್ಟಿದ್ದು ನೀಲಿ, ಹಾಗಾಗಿ 5. ನಾಲ್ಕು ಎಂಬುದು ಕನಿಷ್ಠ. ನಾಳೆ ಶಾಲನ್ನು ಕುರ್ಚಿಯ ಮೇಲೆ ಇಟ್ಟು ಆಡಿ.